ಕಾಣೆಯಾದವನ ಹೆಂಡತಿ

ನಾಲವಾರ ಸ್ಟೇಷನ್ನಿನಲ್ಲಿ ಇಳಿದ ಸೈನಿಕ ಬೆನ್ನು ತಿರುಗಿಸಿಕೊಂಡು ಟ್ರಂಕು ಇಳಿಸುತ್ತಿದ್ದ. ಭಾಗಮ್ಮನಿಗೆ ಆ ಬೆನ್ನಷ್ಟೇ ಸಾಕಾಯಿತು. ಅದು ಎಪ್ಪತ್ತೆರಡರ ಡಿಸೆಂಬರ್. ಸೆರೆ ಸಿಕ್ಕ ನಮ್ಮ ಸೈನಿಕರನ್ನು ಪಾಕಿಸ್ತಾನ ಬಿಟ್ಟು ಕಳಿಸಿದೆ ಎಂದು ರೇಡಿಯೊ ಹೇಳಿದಾಗಿನಿಂದ ಅವಳು ದಿನಾ ಸ್ಟೇಷನ್ನಿಗೆ ಬರುತ್ತಿದ್ದಳು. ಓಡಿಹೋಗಿ ಅವನ ತೋಳು ಹಿಡಿದಳು.

“ಎಷ್ಟ್ ಕಾಯ್ಸಿದ್ರಿ,” ಎಂದಳು.

ತಿರುಗಿದ್ದು ಗಂಡ ಗುರುಲಿಂಗಪ್ಪನ ಮುಖವಲ್ಲ. ಕೆನ್ನೆ ಒಳಗೆ ಹೋದ, ಗಾಬರಿಗೊಂಡ ಬೇರೊಂದು ಮುಖ.

“ನಾ ಅಂಬರಾಯ ಅಂತ್ರಿ, ಶಹಾಬಾದದಾಂವ,” ಎಂದ ಅವನು ಮೆಲ್ಲಗೆ. “ಗುರುಲಿಂಗಪ್ಪನ ಜೋಡಿ ಇದ್ದೆ. ಅವರ ಮನಿಗೇ ಹೊಂಟೀನಿ.”

ಮಾವ ಸಾಯಬಣ್ಣನ ಮುಂದೆ ಕೂತು ಅವನು ಹೇಳಿದ್ದು ಇಷ್ಟು. ಹೊಳೆ ದಾಟುವಾಗ ಶೆಲ್ಲುಗಳು ಬಿದ್ದವು. ಹೊಗೆ ಸರಿದಾಗ ತಾನು ವೈರಿಗಳ ಕೈಯಲ್ಲಿದ್ದ. ಗುರುಲಿಂಗಪ್ಪನನ್ನು ಸೆರೆಯ ಕ್ಯಾಂಪಿನಲ್ಲಿ ಕಾಣಲಿಲ್ಲ. ಸತ್ತದ್ದನ್ನೂ ಕಾಣಲಿಲ್ಲ.

ಸಾಯಬಣ್ಣ ಅವನ ಕೈ ಬಿಡಲಿಲ್ಲ. “ಬರ್ತಿರಪ್ಪ. ಮಗನ ಸುದ್ದಿ ಹೇಳಾವ್ರು ಬ್ಯಾರೆ ಯಾರದಾರ ನಮಗ.”

ಅಂಬರಾಯ ಮಿಲಿಟರಿ ಬಿಟ್ಟು ವಾಡಿಯ ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಕೆಲಸಕ್ಕೆ ಸೇರಿದ. ರಜೆ ಸಿಕ್ಕರೆ ಸಾಕು, ನಾಲವಾರಕ್ಕೆ ಬರುತ್ತಿದ್ದ. ಗುರುಲಿಂಗಪ್ಪ ಟೆಂಟಿನಲ್ಲಿ ಹಾಡುತ್ತಿದ್ದದ್ದು, ರೊಟ್ಟಿ ಸಿಗದೆ ಸಿಟ್ಟಾಗುತ್ತಿದ್ದದ್ದು, ಎಲ್ಲ ಹೇಳುತ್ತಿದ್ದ. ಮುದುಕ ನಗುತ್ತಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಭಾಗಮ್ಮನ ಕೈ ನಿಲ್ಲುತ್ತಿತ್ತು.

ಅವನು ಎಂದೂ ಒಳಗೆ ಬಂದು ಕೂರುತ್ತಿರಲಿಲ್ಲ. ಸೆರೆಯಿಂದ ಬಂದವನಿಗೆ ಆಕಾಶ ಕಾಣುವ ಹೊಸ್ತಿಲೇ ಬೇಕು. ಅದು ಅವಳಿಗೆ ಗೊತ್ತಾಗಲು ಬಹಳ ದಿನ ಹಿಡಿಯಿತು.

“ಒಳಗ ಬಂದು ಕುಂದ್ರಿ. ನಾವೇನ್ ಕೈದ್ ಮಾಡಂಗಿಲ್ಲ,” ಎಂದಳು ಒಂದು ದಿನ. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು.

ಅಂಬರಾಯ ಚಹಾದ ಬಟ್ಟಲಿನ ಅಂಚಿನಿಂದ ಅವಳನ್ನು ನೋಡಿದ. “ನೀವು ಮಾಡಿದ್ರ ಇರ್ತೀನ್ರಿ.”

ಅವಳು ಸರ್ರನೆ ಒಲೆಯ ಕಡೆ ತಿರುಗಿದಳು. ಕಿವಿಯ ತುದಿ ಕೆಂಪಾಗಿತ್ತು. ಆ ಸಂಜೆ ಗಂಡನ ಫೋಟೊದ ಮುಂದೆ ದೀಪ ಹಚ್ಚುವಾಗ ಅವಳಿಗೆ ತಲೆ ಎತ್ತಲಾಗಲಿಲ್ಲ.

ಎರಡು ವರ್ಷ ಕಳೆಯಿತು. ಬಾವಿಕಟ್ಟೆಯಲ್ಲಿ ಮಾತು ಶುರುವಾಯಿತು. ಭಾಗಮ್ಮನ ಅಣ್ಣ ಕಾಳಗಿಯಿಂದ ಬಂದು ಹಿರಿಯರನ್ನು ಕೂಡಿಸಿದ. ಇವಳಿಗೆ ಉಡಿಕಿ ಮಾಡೋಣ, ಎರಡನೇ ಮದುವೆ ಮಾಡಿ ಅಂಬರಾಯನಿಗೇ ಕೊಡೋಣ ಎಂದ.

“ಗಂಡ ಸತ್ತಾಕಿಗಿ ಉಡಿಕಿ,” ಎಂದ ಒಬ್ಬ ಹಿರಿಯ. “ಇಕಿ ಗಂಡ ಸತ್ತಾನಂತ ಹೇಳಾವ್ರು ಯಾರು?”

ಎಲ್ಲರಿಗೂ ಒಬ್ಬನ ನೆನಪೇ ಬಂತು. ಸಾಯಬಣ್ಣ ಹೇಳಿದ, “ಅಂಬರಾಯ ಕಣ್ಣಿಲೆ ನೋಡೀನಿ ಅಂದ್ರ, ನಾ ಒಪ್ಪತೀನಿ.”

ಮುಂದಿನ ರಜೆಯಲ್ಲಿ ಅವನು ಊರೊಳಗೆ ಬರುವ ಮೊದಲೇ ಭಾಗಮ್ಮ ದಾರಿಯ ಬೇವಿನ ಮರದ ಕೆಳಗೆ ನಿಂತಿದ್ದಳು. ಸುದ್ದಿ ಅವನಿಗೆ ಮುಟ್ಟಿತ್ತು.

“ಏನ್ ಹೇಳ್ತೀರಿ ಅವರಿಗಿ?”

“ನಾ ನೋಡಿಲ್ಲ.”

“ನೋಡೀನಿ ಅಂದ್ರ ಏನಾಗ್ತದ?”

“ನೀ ನನ್ನಾಕಿ ಆಗ್ತಿ,” ಎಂದ. ಅವಳನ್ನು ಅವನು ‘ನೀ’ ಎಂದದ್ದು ಅದೇ ಮೊದಲು. “ಅಂವ ಸಾಯ್ತಾನ.”

ಅವನು ಬೇವಿನ ಬೊಡ್ಡೆಗೆ ಕೈ ಊರಿದ.

“ನಾ ಕ್ಯಾಂಪಿನ್ಯಾಗ ಇದ್ದಾಗ ಯಾರೋ ನಮ್ಮವ್ವಗ ಹೇಳಿದ್ರಂತ, ನಿನ್ನ ಮಗ ಸತ್ತದ್ದು ಕಣ್ಣಿಲೆ ನೋಡೀವಿ ಅಂತ. ಅಕಿ ಅನ್ನ ಬಿಟ್ಲು. ನಾ ಬರೂದ್ರಾಗ ಮಣ್ಣಾಗಿದ್ಲು. ಆ ಮಾತು ನನ್ನ ಬಾಯಿಲೆ ಬರಂಗಿಲ್ಲ, ಭಾಗಮ್ಮ. ನಿನಗೋಸ್ಕರನೂ ಬರಂಗಿಲ್ಲ.”

“ಹಂಗಾದ್ರ ಬರಬ್ಯಾಡ್ರಿ ನಮ್ಮನಿಗಿ,” ಎಂದಳು ಅವಳು. ಅವನು ಸುಳ್ಳು ಹೇಳಲಿ ಎಂದು ತಾನು ಬಯಸಿದ್ದು ನೆನೆದು ಅವಳಿಗೆ ತನ್ನ ಮೇಲೇ ಹೇಸಿಕೆಯಾಗಿತ್ತು. ಅವನು ಹೇಳದಿದ್ದದ್ದಕ್ಕೆ ಸಿಟ್ಟೂ ಬಂದಿತ್ತು.

ಅವನು ಬರುವುದು ನಿಂತಿತು.

ಜನವರಿ ಇಪ್ಪತ್ತಾರಕ್ಕೆ ಚಿತ್ತಾಪುರದಲ್ಲಿ ಸೈನಿಕರಿಗೆ ಸನ್ಮಾನ. ಸಾಯಬಣ್ಣನಿಗೂ ಸೊಸೆಗೂ ಕರೆ ಬಂದಿತ್ತು. ವೇದಿಕೆಯ ತುದಿಯ ಕುರ್ಚಿಯಲ್ಲಿ ಅಂಬರಾಯ ಮಾಲೆ ಹಾಕಿಕೊಂಡು ಕೂತಿದ್ದ. ಅವಳನ್ನು ಒಮ್ಮೆ ನೋಡಿದವನು ಮತ್ತೆ ನೋಡಲಿಲ್ಲ.

ಸನ್ಮಾನ ಸಮಿತಿಯವರೊಬ್ಬರು ಮೈಕಿನಲ್ಲಿ ಕೂಗಿದರು: “ಹುತಾತ್ಮ ಗುರುಲಿಂಗಪ್ಪನವರ ವಿಧವೆ ಶ್ರೀಮತಿ ಭಾಗಮ್ಮನವರು ಮೇಲೆ ಬರಬೇಕು.”

ಅವಳ ಕೈ ಕೊರಳಿನ ತಾಳಿಗೆ ಹೋಯಿತು. ಅವಳು ಕೂತಲ್ಲೇ ಉಳಿದಳು. ಪಕ್ಕದಲ್ಲಿ ಮುದುಕ ತಲೆಯ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ. ಹಿಂದಿನ ಸಾಲಿನಲ್ಲಿ ಕೂತಿದ್ದ ಊರ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೈಕೇ ಹೇಳಿದ ಮೇಲೆ ಇನ್ನಾವ ಸಾಕ್ಷಿ. ಅಂಬರಾಯ ಬಾಯಿ ಮುಚ್ಚಿಕೊಂಡು ಕೂತರೆ ಆಗಿಹೋಗುತ್ತಿತ್ತು.

ಅಂಬರಾಯ ಎದ್ದು ನಿಂತ.

“ತಪ್ಪಾಗ್ಯದ್ರಿ,” ಎಂದ ಮೈಕಿನ ಬಳಿ ಬಂದು. “ಅಂವ ಸತ್ತದ್ದು ಯಾರೂ ನೋಡಿಲ್ಲ. ನಾ ಅಲ್ಲೇ ಇದ್ದೆ, ನಾನೂ ನೋಡಿಲ್ಲ. ಕಾಣೆಯಾಗ್ಯಾನ. ಹಂಗೇ ಕರೀರಿ.”

ಮೈಕಿನವರು ತಡವರಿಸಿದರು. ಆಮೇಲೆ ಕೂಗಿದರು: “ಕಾಣೆಯಾದ ಯೋಧ ಗುರುಲಿಂಗಪ್ಪನವರ ತಂದೆ ಹಾಗೂ ಧರ್ಮಪತ್ನಿ.”

ಜನ ಒಬ್ಬೊಬ್ಬರಾಗಿ ಎದ್ದು ನಿಂತರು. ಸಾಯಬಣ್ಣ ಸೊಸೆಯ ಕೈ ಹಿಡಿದು ಮೆಟ್ಟಿಲು ಹತ್ತಿದ. ಅಂಬರಾಯನ ಪಕ್ಕ ಹಾಯುವಾಗ ಭಾಗಮ್ಮ ಅವನನ್ನು ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು. ತಾನು ಸಿಗುವ ದಾರಿಯನ್ನು ಇಷ್ಟು ಜನರ ಎದುರು ಅವನೇ ಮುಚ್ಚಿಕೊಂಡ ಎಂದು ಅವಳಿಗೆ ತಿಳಿಯಿತು. ಇವನನ್ನು ಬಿಟ್ಟು ತನಗೆ ಬದುಕಿಲ್ಲವೆಂದೂ ತಿಳಿಯಿತು.

ಬಸ್‌ಸ್ಟ್ಯಾಂಡಿನಲ್ಲಿ ಮುದುಕನೇ ಅವನನ್ನು ಕರೆದು ಕೂರಿಸಿಕೊಂಡ.

“ನನ್ನ ಮಗನ್ನ ಒಂದ್ ಮಾತಿಲೆ ಸಾಯಿಸಿ ಇಕಿನ್ನ ಕರಕೊಂಡು ಹೋಗಬಹುದಿತ್ತು ನೀ. ಸಾಯಿಸಲಿಲ್ಲ,” ಎಂದ. “ಇಕಿ ಕಾದದ್ದು ಸಾಕಪ್ಪ. ಇನ್ನ ನಾ ಕಾಯ್ತೀನಿ. ಹಿರೇರ ಜೋಡಿ ನಾ ಮಾತಾಡ್ತೀನಿ. ನೀ ಇಕಿನ್ನ ಮಾಡ್ಕೊ.”

“ನಾಳಿಗಿ ಅಂವ ಬಂದ್ರ?” ಎಂದ ಅಂಬರಾಯ.

ಭಾಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಬಂದ್ರ ನಾನೇ ಮುಂದ ನಿಂತು ಹೇಳ್ತೀನಿ,” ಎಂದಳು. “ಎಲ್ಲಾರೂ ಕುಂತು ಅಳಾಮು. ಮುಂದಿಂದು ಅವತ್ತೇ ನೋಡಾಮು. ಬರಲಿ ಅಂತ ನಾ ದಿನಾ ಬೇಡ್ಕೋತೀನಿ. ನಿಮ್ಮನಿಯಾಗ ಇದ್ದೂ ಬೇಡ್ಕೋತೀನಿ. ನಡೀತದೇನು?”

“ನಾನೂ ಬೇಡ್ಕೋತೀನಿ,” ಎಂದ ಅಂಬರಾಯ.

ಮೂವರಿಗೂ ಒಂದೇ ದಾರಿಯ ವಾಡಿಯ ಬಸ್ಸು ಬಂತು. ಸಾಯಬಣ್ಣ ಮುಂದೆ ಹೋಗಿ ಕೂತ. ಭಾಗಮ್ಮ ಕಿಟಕಿಯ ಕಡೆ ಸರಿದು, ಊರವರೆಲ್ಲ ನೋಡುತ್ತಿರುವಾಗಲೇ ಪಕ್ಕದಲ್ಲಿ ಅಂಬರಾಯನಿಗೆ ಜಾಗ ಬಿಟ್ಟಳು.