ಓದಿ ಹೇಳಿದ ಸುಳ್ಳು

"ಬಂದ್ರಾ 'ಸರಿ' ಸಾಹೇಬರು?"

ವಾರ್ಡಿನ ಬಾಗಿಲಲ್ಲಿ ಚೀಲ ಹಿಡಿದು ನಿಂತವನಿಗೆ ಅವಳು ಆಡಿದ ಮೊದಲ ಮಾತು ಇದು. ಅವನು ತಲೆ ತಗ್ಗಿಸಿದ.

ಒಳಗೆ ಮಲಗಿದ್ದವಳು ಅವನಿಗೆ ಅಕ್ಕ, ಇವಳಿಗೆ ಅತ್ತಿಗೆ. ಇವಳ ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ನಾದಿನಿ ಇಬ್ಬರೇ ಹೊಲಿಗೆ ಅಂಗಡಿ ಇಟ್ಟುಕೊಂಡು, ಒಂದೇ ಕತ್ತರಿಗೆ ಜಗಳವಾಡುತ್ತ ಬದುಕಿದ್ದರು. ಅತ್ತಿಗೆಯ ಹೊಟ್ಟೆಯಲ್ಲಿ ಹುಟ್ಟಿದ ಕ್ಯಾನ್ಸರು ಈಗ ಬೆನ್ನುಮೂಳೆಗೆ ಇಳಿದಿತ್ತು. ಇವತ್ತು ದಾಟುವುದು ಕಷ್ಟ ಎಂದು ನರ್ಸು ಬೆಳಿಗ್ಗೆಯೇ ಹೇಳಿದ್ದಳು.

ದೂರದ ಊರಿನಲ್ಲಿದ್ದ ಅತ್ತಿಗೆಯ ತಾಯಿ ಮತ್ತು ತಮ್ಮನಿಗೆ ಇವಳು ಪ್ರತಿ ಸಂಜೆ ಮೆಸೇಜು ಕಳಿಸುತ್ತಿದ್ದಳು. ಒಂದನ್ನೂ ಮುಚ್ಚಿಡಲಿಲ್ಲ. ಇವತ್ತು ನೀರೂ ಇಳಿಯಲಿಲ್ಲ... ಇವತ್ತು ನನ್ನ ಗುರುತು ಹತ್ತಲಿಲ್ಲ... ಎಲ್ಲದಕ್ಕೂ ಅವನ ಉತ್ತರ ಒಂದೇ: ಸರಿ.

"ಅಂಗಡೀಲಿ ದಿನವಿಡೀ ಮೋಟಾರಿಗೆ ತಂತಿ ಸುತ್ತೋ ಕೈಗೆ ನಾಲ್ಕು ಮಾತು ಬರೆಯೋಕೆ ಆಗಲಿಲ್ವಾ?"

ಅವನು ಒಳಗೆ ಹೋಗಿ ಹತ್ತಿ ಅದ್ದಿ ಅಕ್ಕನ ಒಣಗಿದ ತುಟಿ ಒರೆಸಿದ. 

ಅವನು ನೀರು ತರಲು ಹೋದಾಗ ಹಾಸಿಗೆಯ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. ತೆರೆಯ ಮೇಲೆ 'ಅಮ್ಮ' ಎಂದು ಕಂಡು ಇವಳೇ ಎತ್ತಿದಳು.

"ಅತ್ತೆ, ನಾನು..."

"ನೀನಾ ಮಗಳೇ? ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ನಿನ್ನ ಮೆಸೇಜು ಕೇಳಿಯೇ ನಾನು ಬದುಕಿರೋದು. ಮೊನ್ನೆ ಗೋಡೆ ಹಿಡ್ಕೊಂಡು ನಡೆದಳಂತೆ. ನಿನ್ನೆ ಕೇಳಿ ಊಟ ಮಾಡಿದಳಂತೆ. ಗಂಟಲು ವಾಸಿಯಾಗೋ ತನಕ ಮಾತಾಡಿಸಬಾರದಂತೆ. ಆಗಲಿ, ಇವನು ಕರ್ಕೊಂಡೇ ಬರ್ತಾನಲ್ಲ."

ಇದ್ಯಾವುದನ್ನೂ ಅವಳು ಬರೆದಿರಲಿಲ್ಲ. "ಅವರಿಗೆ ಫೋನ್ ಮಾಡೋಕೆ ಹೇಳ್ತೀನಿ ಅತ್ತೆ" ಎಂದಷ್ಟೇ ಹೇಳಿ ಇಟ್ಟಳು.

"ನಾನು ಬರೆದದ್ದನ್ನ ನೀವು ಹೀಗಾ ಓದಿದ್ದು?" ಅವನು ಬಂದೊಡನೆ ಕೇಳಿದಳು.

"ಅಮ್ಮನಿಗೆ ಅಕ್ಷರ ಕಾಣೋಲ್ಲ. ಮೆಸೇಜು ಬಂದ ಕೂಡಲೇ ಮಗ್ಗುಲಿಗೆ ಬಂದು ಕೂತು, ಓದು ಅಂತಾಳೆ. ಮೊದಲನೇ ದಿನ ಬಾಯಿ ಬರಲಿಲ್ಲ, ಒಂದು ಸುಳ್ಳು ಓದಿದೆ. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ. ನಾನು ಏನು ಬರೆದ್ರೂ ಅದನ್ನೂ ಓದಿಸ್ತಾಳೆ; 'ಸರಿ' ಅಂದ್ರೆ ಮಾತ್ರ ಇನ್ನೊಂದು ಸುಳ್ಳು ಓದ್ಬೇಕಿಲ್ಲ. ಇನ್ನೇನು ಬರೀಲಿ?"

ಇಷ್ಟು ದಿನ ಬೈದುಕೊಂಡಿದ್ದ ಜೀವ ತನ್ನಷ್ಟೇ ಬೆಂದಿದೆ... ಅವಳಿಗೆ ಅಳು ಬಂತು. ಆದರೂ ಬಿಡಲಿಲ್ಲ.

"ಅವರು ಮಗಳ ಹತ್ತಿರ ಮಾತಾಡೋಕೆ ಉಳಿದಿರೋದು ಇದೊಂದೇ ದಿನ. ಅದನ್ನೂ ಕಿತ್ಕೋತೀರಾ?"

ಅವನು ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಅಮ್ಮಾ... ನಾನು ಓದಿದ್ದೆಲ್ಲ ಸುಳ್ಳು. ಅಕ್ಕ ಉಳಿಯೋಲ್ಲ."

ಆ ಕಡೆ ತಾಯಿ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿತು.

"ಫೋನು ಅವಳ ಕಿವಿಗಿಡು. ನಿನ್ನನ್ನ ಆಮೇಲೆ ನೋಡ್ಕೋತೀನಿ."

ಇವಳು ಬಾಗಿ ಫೋನು ಹಿಡಿದಳು. ಮುದುಕಿಯ ದನಿ ಒಡೆಯಲಿಲ್ಲ.

"ಮಗಳೇ, ನಿನ್ನಿಂದ ನನಗೆ ಒಂದು ದಿನವೂ ಬೇಜಾರಾಗಿಲ್ಲ. ಹೆದರಬೇಡ. ದೇವರ ಕೈ ಹಿಡ್ಕೋ. ನನ್ನ ಕೈ ಬಿಡು."

ಅತ್ತಿಗೆಯ ರೆಪ್ಪೆ ಅಲುಗಿತು. ತುಟಿ "ಅಮ್ಮ" ಎಂದು ಕೂಡಿತು, ದನಿ ಬರಲಿಲ್ಲ. ಬಿಸಿಲು ಕಿಟಕಿ ಬಿಡುವ ಹೊತ್ತಿಗೆ ಉಸಿರು ಕೊಟ್ಟ ದೇವರೇ ಅದನ್ನು ಹಿಂದಕ್ಕೆ ಪಡೆದ.

ಆಸ್ಪತ್ರೆಯವರು ದೇಹ ಒಪ್ಪಿಸುವ ತನಕ ಇಬ್ಬರೂ ಹೊರಗಿನ ಬೆಂಚಿನ ಒಂದೊಂದು ತುದಿಯಲ್ಲಿ ಕುಳಿತರು.

"ಅಮ್ಮನ ಮುಂದೆ ಒಬ್ಬನೇ ನಿಲ್ಲೋಕೆ ಆಗಲ್ಲ. ಬರ್ತೀರಾ?"

"ಬರ್ತೀನಿ. ಬೈಗುಳದಲ್ಲಿ ಮಾತ್ರ ನನಗೆ ಪಾಲು ಬೇಡ."

ಅವನು ನಗಲು ಹೋಗಿ ಅತ್ತುಬಿಟ್ಟ. ಅಳು ಇಳಿದ ಮೇಲೆ ಹೇಳಿದ:

"ನಿಮ್ಮ ಮೆಸೇಜು ಬಂದ್ರೆ ಹೆದರ್ತಿದ್ದೆ. ಬರದಿದ್ರೆ ಇನ್ನೂ ಹೆದರ್ತಿದ್ದೆ. ಅದು ಬರೀ ಅಕ್ಕನಿಗೋಸ್ಕರ ಅಲ್ಲ... ಇಂಥ ಹೊತ್ತಲ್ಲಿ ಹೇಳೋದು ತಪ್ಪು, ಗೊತ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ತಪ್ಪಲ್ಲ. ಆದ್ರೆ ಇವತ್ತಿನ ಕಣ್ಣೀರು ಅತ್ತಿಗೆಯದು. ನಿಮ್ಮಮ್ಮನಿಗೆ ಸಮಾಧಾನ ಆಗಲಿ, ಆಮೇಲೆ ಕೇಳಿ. ಇಲ್ಲ ಅನ್ನೋಲ್ಲ."

"ಕಾಯ್ತೀನಿ."

"ಅಷ್ಟು ದೂರ ಕೂತು ಕಾಯಬೇಡಿ. ಇಲ್ಲಿ ಬನ್ನಿ, ಪಕ್ಕದಲ್ಲಿ."