ಮಳವಳ್ಳಿಯ ಕೈಪಾಠ

ಚಿಕ್ಕತಾಯಮ್ಮ ಕಾಲರ್ ತುಂಡನ್ನು ಅಂಗಿಯ ಕೊರಳಿಗಿಟ್ಟು, ಎಡಗೈ ಹೆಬ್ಬೆರಳಿನಿಂದ ಬಟ್ಟೆಯನ್ನು ತುಸು ಸಡಿಲಿಸಿ, ಯಂತ್ರದ ಪೆಡಲ್ ಒತ್ತಿದಳು. ಅವಳ ಎರಡು ಕೈಗಳಿಗೂ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಗವಸುಗಳಿದ್ದವು. ಸೂಜಿ ಸರ್ರನೆ ಓಡಿ ನಿಂತಿತು. ಮಳವಳ್ಳಿಯ ಕಾರ್ಖಾನೆಯಲ್ಲಿ ಇದು ನಡೆದ ಕೆಲವೇ ದಿನಗಳಲ್ಲಿ, ಸಮುದ್ರದಾಚೆ ಮೊಜಾಂಬಿಕ್ ದೇಶದ ನಕಾಲಾ ಬಂದರಿನಲ್ಲಿ, ಹುಟ್ಟಿದಾಗಿನಿಂದ ಹೊಲಿಗೆ ಯಂತ್ರ ಮುಟ್ಟದ ಅತೀಜಾ ಎಂಬ ಹೆಂಗಸು ಅಂಥದೇ ಗವಸು ತೊಟ್ಟು, ಹೆಬ್ಬೆರಳಿನಿಂದ ಹಾಗೆಯೇ ಸಡಿಲಿಸಿ, ಅಂಥದೇ ಕಾಲರ್ ಕೂಡಿಸಿಬಿಟ್ಟಳು. ಕೂಡಿಸಿದವಳೇ ಹೆದರಿ ಎದ್ದು ನಿಂತಳಂತೆ. ಹೆದರದೆ ಏನು ಮಾಡುತ್ತಾಳೆ, ಪಾಪ! ತನ್ನ ಕೈ ಇನ್ನೊಬ್ಬರ ಮಾತು ಕೇಳಿದರೆ ಯಾರಿಗಾದರೂ ದಿಗಿಲಾಗುತ್ತದೆ.

ಈ ಗವಸಿನ ಹೆಸರು ಹಸ್ತಪಾಠಕ. ನಾವು ಕೈ ಅಲ್ಲಾಡಿಸುವಾಗ ಸ್ನಾಯುಗಳಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ ಹರಿಯುತ್ತದೆ. ಕಲಿಸುವವರ ಗವಸು ಅದನ್ನು ಗ್ರಹಿಸಿ, ಸುತ್ತಲಿನ ಸದ್ದಿನ ಸಮೇತ ಸಂಗ್ರಹಿಸುತ್ತದೆ. ಹೀಗೆ ಸಂಗ್ರಹವಾದದ್ದೇ ಕೈಪಾಠ. ಕಲಿಯುವವರ ಗವಸಿನಲ್ಲಿ ಪ್ರಚೋದಕ ತಂತುಗಳಿದ್ದು, ಆ ವಿದ್ಯುತ್ತನ್ನೇ ತಿರುಗಿ ಅವರ ಸ್ನಾಯುಗಳಿಗೆ ಕೊಡುತ್ತವೆ. ವರ್ಷಗಟ್ಟಲೆ ಏಟು ತಿಂದು ಕಲಿಯಬೇಕಾದ ಕುಶಲತೆ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಇದನ್ನು ಕಂಡುಹಿಡಿದವರು ಡಾ. ಸುಧನ್ವ ಕೆದಿಲಾಯರು. ಕೊಂಡುಕೊಂಡದ್ದು ಟ್ರಾನ್ಸ್‌ವೆಸ್ಟಾ ಎಂಬ ಬಹುರಾಷ್ಟ್ರೀಯ ಕಂಪನಿ. ಅದರ ಒಂದು ಅಂಗಿಗೆ ಹತ್ತಿ ಒಂದು ದೇಶದ್ದು, ಗುಂಡಿ ಇನ್ನೊಂದರದ್ದು, ಹೊಲಿಗೆ ಮತ್ತೊಂದರದ್ದು. ತೊಡುವವನಿಗೆ ಇದು ಯಾವುದೂ ಗೊತ್ತಿಲ್ಲ, ಗೊತ್ತಾಗಬೇಕೆಂದೂ ಇಲ್ಲ.

ಕೆದಿಲಾಯರು ಕೆಟ್ಟವರಲ್ಲ. ತಮ್ಮ ಯಂತ್ರವನ್ನು ಯಾರಾದರೂ ಕೇಳಿದರೆ ಸಾಕು, ಊಟ ಬಿಟ್ಟು ವಿವರಿಸುವ ಜಾತಿ. ಸಾಲಿನ ಎಲ್ಲ ಹೆಂಗಸರ ಕೈಪಾಠ ತೆಗೆಯಲು ಮಳವಳ್ಳಿಗೆ ಬಂದಾಗ ಚಿಕ್ಕತಾಯಮ್ಮ ಅವರನ್ನು ನೇರವಾಗಿಯೇ ಕೇಳಿದಳು.

"ಸಾ, ಇದು ನನ್ ಕೈಯಿಂದ ಏನ್ ಕಿತ್ಕತದೆ?"

"ಏನೂ ಕಿತ್ತುಕೊಳ್ಳುವುದಿಲ್ಲಮ್ಮ. ದೀಪದಿಂದ ದೀಪ ಹಚ್ಚಿದ ಹಾಗೆ. ನಿಮ್ಮ ವಿದ್ಯೆ ನಿಮ್ಮಲ್ಲೇ ಇರುತ್ತದೆ."

"ವಿದ್ಯೆ ನನ್ನತ್ರಾನೇ ಇರ್ತದೆ ಅಂದ್ರಿ. ಕೆಲಸ?"

ಕೆದಿಲಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದ ಯಂತ್ರದಲ್ಲಿದ್ದ ನಗೀನಾ ಕಿಸಕ್ಕನೆ ನಕ್ಕು, "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಕಣಕ್ಕಾ," ಎಂದಳು.

ನಗೀನಾಳ ಮಾತು ನಿಜವಾಯಿತು. ತಿಂಗಳು ಕಳೆಯುವುದರೊಳಗೆ ಕಂಪನಿಯ ನಿರ್ದೇಶಕ ಪೊನ್ನಪ್ಪ ಬಂದು ಎಲ್ಲರನ್ನೂ ಒಟ್ಟು ಸೇರಿಸಿ ಹೇಳಿಬಿಟ್ಟರು. ನಕಾಲಾದಲ್ಲಿ ಕೂಲಿ ಇಲ್ಲಿಯ ಅರ್ಧ. ಅಲ್ಲಿ ಪರೀಕ್ಷಾರ್ಥವಾಗಿ ಒಂದು ದೊಡ್ಡ ಆರ್ಡರ್ ಕೊಡಲಾಗಿದೆ. ಅವರು ಅದನ್ನು ಸರಕಿನ ಹಡಗು ಹೊರಡುವುದರೊಳಗೆ ಮುಗಿಸಿದರೆ ಮಳವಳ್ಳಿಯ ಕಾರ್ಖಾನೆಗೆ ಬೀಗ. ಮುಗಿಸದಿದ್ದರೆ ಇಲ್ಲಿಯೇ ಮುಂದುವರಿಯುತ್ತದೆ.

ಕಂಪನಿಯನ್ನು ಬಾಯಿಗೆ ಬಂದಂತೆ ಬೈಯುವವರ ನಡುವೆ ಚಿಕ್ಕತಾಯಮ್ಮ ಎಂದೂ ಬೈದವಳಲ್ಲ. ಗಂಡ ಕುಡಿದು ಬಂದು ಹೊಡೆಯುತ್ತಿದ್ದ ಕಾಲದಲ್ಲಿ, ಉಟ್ಟ ಸೀರೆಯಲ್ಲಿ ಹೊರಬಂದವಳಿಗೆ ತವರಿನವರು ಬಾಗಿಲು ತೆರೆಯಲಿಲ್ಲ, ಈ ಕಾರ್ಖಾನೆ ತೆರೆಯಿತು. ಯಾವ ದೇಶದ ಯಾರೋ ಅಂಗಿ ಕೊಳ್ಳುತ್ತಾರೆಂದು ಅವಳು ಬಾಡಿಗೆಯ ಮನೆ ಮಾಡಿದಳು, ಒಳಗಿನಿಂದ ತಾನೇ ಚಿಲಕ ಹಾಕಿಕೊಂಡು ನಿದ್ದೆ ಮಾಡಿದಳು. ಈಗ ಅದೇ ಕಂಪನಿ ಇನ್ನೂ ಅಗ್ಗದ ಕೈ ಸಿಕ್ಕಿತೆಂದು ಎದ್ದು ಹೊರಟಿದೆ. ಈ ಕೆಲಸ ಹೋದರೆ ಉಳಿಯುವುದು ಆ ಗಂಡನ ಮನೆಯೇ. ಅವನು ಈಗಾಗಲೇ ಎರಡು ಸಲ ಗೇಟಿನ ಹತ್ತಿರ ಬಂದು ನಿಂತು ಹೋಗಿದ್ದ.

ಪರೀಕ್ಷೆಯ ಕೊನೆಯ ದಿನ ಪೊನ್ನಪ್ಪ ಕಾರ್ಖಾನೆಯ ಗೋಡೆಗೆ ದೊಡ್ಡ ಪರದೆ ಹಾಕಿಸಿದರು. ನಕಾಲಾದ ಹೊಲಿಗೆಯ ಸಾಲು ಇಲ್ಲಿಗೆ ಕಾಣುತ್ತಿತ್ತು, ಮಳವಳ್ಳಿಯದು ಅಲ್ಲಿಗೆ. ಪೈಪೋಟಿ ಕಂಡರೆ ಎರಡೂ ಕಡೆ ಕೈ ಚುರುಕಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಅಲ್ಲಿ ಪ್ರತಿ ಯಂತ್ರದ ಮೇಲೆ ಒಂದು ದೀಪ. ವೇಗ ಸರಿಯಿದ್ದರೆ ಹಸಿರು, ಕಡಿಮೆಯಾದರೆ ಕೆಂಪು. ಕೆಂಪು ಉರಿಯುತ್ತಲೇ ಇದ್ದರೆ ಆ ಹೆಂಗಸು ಮನೆಗೆ ಹೋಗಬೇಕು.

ನಕಾಲಾದವರು ಬಿರುಗಾಳಿಯಂತೆ ಹೊಲಿಯುತ್ತಿದ್ದರು. ಚಿಕ್ಕತಾಯಮ್ಮ ಕಣ್ಣು ಮಿಟುಕಿಸದೆ ನೋಡಿದಳು. 'ಸೋಲ್ಲಿ, ದೇವ್ರೇ, ಇವ್ರು ಸೋಲ್ಲಿ' ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಬೇಡಿಕೊಂಡು ನಾಚಿದಳು, ನಾಚಿ ಮತ್ತೆ ಬೇಡಿಕೊಂಡಳು.

ಅಷ್ಟರಲ್ಲಿ ಅತೀಜಾಳ ಪಕ್ಕದ ಯಂತ್ರದ ಮೇಲೆ ಕೆಂಪು ದೀಪ ಉರಿಯಿತು. ಅಲ್ಲಿ ಕೂತಿದ್ದವಳು ತೀರ ಎಳೆಯ ಹುಡುಗಿ. ಜ್ವರ ಬಂದವಳಂತೆ ಬೆವರುತ್ತಿದ್ದಳು. ಆಗ ಅತೀಜಾಳ ಎಡಗೈ ತಾನಾಗಿ ಚಾಚಿಕೊಂಡು ಹುಡುಗಿಯ ಮುಂದಿದ್ದ ಅಂಗಿಯನ್ನೆತ್ತಿ, ತನ್ನ ಸೂಜಿಯ ಕೆಳಗೆ ಓಡಿಸಿ, ಕಾಲರ್ ಕೂಡಿಸಿ ಹಿಂದಕ್ಕಿಟ್ಟಿತು. ಹುಡುಗಿಯ ಆಚೆ ಬದಿಯವಳ ಕೈಯೂ ಹಾಗೇ ಮಾಡಿತು. ಕೆಂಪು ದೀಪ ಹಸಿರಾಯಿತು.

"ಇದೇನಿದು?" ಎಂದು ಪೊನ್ನಪ್ಪ ಕೆದಿಲಾಯರ ಕಡೆ ತಿರುಗಿದರು.

ಕೆದಿಲಾಯರಿಗೂ ತಿಳಿಯಲಿಲ್ಲ. ಉತ್ತರ ಬಂದದ್ದು ನಗೀನಾಳಿಂದ. "ಮುಯ್ಯಿ ಸಾ! ನಮ್ಮಲ್ಲಿ ನಾಟಿ ಟೈಮಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು ಬಂದ್ರೆ, ನಾಳೆ ನಮ್ಮ ಗದ್ದೆಗೆ ನೀವು ಬತ್ತೀರಲ್ಲಾ, ಅದೇಯ. ಪಕ್ಕದೋಳು ಹಿಂದೆ ಬಿದ್ರೆ ನಾವು ಎರಡು ಪೀಸು ಹಾಕ್ಕೊಡ್ತೀವಿ. ನಾಳೆ ಅವ್ಳು ನಮಗೆ ಹಾಕ್ಕೊಡ್ತಾಳೆ."

ಕೆದಿಲಾಯರು ತಲೆ ಹಿಡಿದುಕೊಂಡರು. ಪಕ್ಕದ ಯಂತ್ರದ ಸದ್ದು ನಿಧಾನವಾದಾಗ ಈ ಹೆಂಗಸರು ದಿನಕ್ಕೆ ಎಷ್ಟು ಸಲ ಅತ್ತ ಕೈ ಚಾಚಿದ್ದರೆಂದರೆ, ಗವಸು ಅದನ್ನೂ ಕಾಲರ್ ಕೂಡಿಸುವ ಒಂದು ಹಂತವೆಂದೇ ತಿಳಿದುಬಿಟ್ಟಿತ್ತು!

"ಯಾರು ನಿಧಾನ, ಯಾರು ಚುರುಕು ಅಂತ ಇನ್ನು ಹೇಗ್ರೀ ಗೊತ್ತಾಗೋದು?" ಪೊನ್ನಪ್ಪ ಗುಡುಗಿದರು. ಸಾಲಿನ ವೇಗ ಹೆಚ್ಚಿಸುವಂತೆ ನಕಾಲಾಕ್ಕೆ ಫೋನಿನಲ್ಲೇ ಆಜ್ಞೆ ಕೊಟ್ಟರು. ವೇಗ ಏರಿತು. ಅಂಗಿಗಳು ಒಂದರ ಮೇಲೊಂದು ಬಂದು ಬೀಳತೊಡಗಿದವು. ಮುಯ್ಯಿಗೂ ಪುರಸೊತ್ತಿಲ್ಲ. ಹುಡುಗಿಯ ತಲೆ ಒಮ್ಮೆ ತೂಗಿತು.

ಕಿಟಾರನೆ ಕಿರುಚಿದ್ದು ಇಲ್ಲಿಗೆ ಕೇಳಿಸಿತು. ಸೂಜಿ ಅವಳ ತೋರುಬೆರಳಿನ ಉಗುರನ್ನು ಹೊಕ್ಕು ಆಚೆ ಬಂದಿತ್ತು.

ಮರುಕ್ಷಣ ನಕಾಲಾದ ಸಾಲಿನಲ್ಲಿದ್ದ ಎಲ್ಲ ಕೈಗಳೂ ಯಂತ್ರ ಬಿಟ್ಟು ಎದೆಯ ಮಟ್ಟಕ್ಕೆ ಎದ್ದು ನಿಂತವು. ಹೆಂಗಸರು ತಬ್ಬಿಬ್ಬಾಗಿ ತಮ್ಮ ಕೈಗಳನ್ನೇ ನೋಡಿಕೊಂಡರು. ಮೇಸ್ತ್ರಿ ಕೂಗಾಡಿದ, ಮೇಜು ಗುದ್ದಿದ. ಕೈಗಳು ಇಳಿಯಲಿಲ್ಲ. ಕೊನೆಗೆ ಅವನು ಸಾಲಿನುದ್ದಕ್ಕೂ ಓಡಾಡಿ ಗವಸುಗಳನ್ನೇ ಎಳೆದೆಳೆದು ಹಾಕಿದ. ಬರಿಗೈಯಾದ ಮೇಲೆ ಅತೀಜಾ ಹುಡುಗಿಯ ಬೆರಳನ್ನು ನೋಡಿದಳು. ಆಮೇಲೆ ತಾನೇ, ತನ್ನ ಇಚ್ಛೆಯಿಂದಲೇ, ಕೈಗಳನ್ನು ಮತ್ತೆ ಎತ್ತಿದಳು. ಉಳಿದವರೂ ಎತ್ತಿದರು.

ಆ ರೂಢಿ ಎಲ್ಲಿಂದ ಹೋಯಿತೆಂದು ಮಳವಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದೊಮ್ಮೆ ನಗೀನಾಳಿಗೆ ಸೂಜಿ ಚುಚ್ಚಿದಾಗ ಸಾಲು ನಿಲ್ಲಿಸದೆ ಹೋದದ್ದರಿಂದ ಅವಳ ಬೆರಳಿನ ತುದಿಯೇ ಹೋಗಿತ್ತು. ಅಂದಿನಿಂದ ಯಾರಿಗೇ ಸೂಜಿ ಹೊಕ್ಕರೂ, ಬೆರಳು ಕಟ್ಟುವ ತನಕ ಯಾರೂ ಯಂತ್ರ ಮುಟ್ಟುತ್ತಿರಲಿಲ್ಲ. ಕೈಪಾಠ ತೆಗೆಯುತ್ತಿದ್ದ ದಿನಗಳಲ್ಲೂ ಹಾಗೆ ಆಗಿತ್ತು. ಆ ಕಿರುಚುವ ಸದ್ದನ್ನು, ಎದ್ದ ಕೈಗಳನ್ನು ಗವಸು ಒಟ್ಟಿಗೇ ಕಲಿತುಕೊಂಡಿತ್ತು.

ಹಡಗು ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಪೊನ್ನಪ್ಪ ಚಿಕ್ಕತಾಯಮ್ಮನ ಹತ್ತಿರ ಬಂದು ದನಿ ತಗ್ಗಿಸಿದರು. "ನೋಡಮ್ಮಾ, ಅವರು ಕೈ ಕೊಟ್ಟರು. ಇಲ್ಲಿಯೂ ಬಟ್ಟೆ ಕತ್ತರಿಸಿ ಇಟ್ಟಿದೆ. ಉಳಿದ ಅಂಗಿಗಳನ್ನು ನೀವು ಹೊಲಿದು ಕೊಡಿ, ವಿಮಾನದಲ್ಲಿ ಕಳಿಸುತ್ತೇನೆ. ನಕಾಲಾ ಮುಚ್ಚುತ್ತೇವೆ. ನಿಮ್ಮ ಕಾರ್ಖಾನೆ ಉಳಿಯುತ್ತದೆ. ಇದು ನನ್ನ ಮಾತು."

ಬೇಡಿಕೊಂಡದ್ದು ಕೈಗೆ ಬಂದಿತ್ತು. ಚಿಕ್ಕತಾಯಮ್ಮ ಒಂದು ಅಂಗಿಯನ್ನೆತ್ತಿ ಸೂಜಿಯ ಕೆಳಗಿಟ್ಟಳು. ಪರದೆಯ ಮೇಲೆ ಆ ಹುಡುಗಿ ಬೆರಳು ಹಿಡಿದುಕೊಂಡು ಅಳುತ್ತಿದ್ದಳು, ರಕ್ತ ಮೊಣಕೈವರೆಗೆ ಇಳಿದಿತ್ತು. ಮೇಸ್ತ್ರಿ ಇನ್ನೂ ಕೂಗಾಡುತ್ತಿದ್ದ. ಪಕ್ಕದಲ್ಲಿ ನಗೀನಾ ತನ್ನ ಮೊಂಡು ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಸಾಲಿಗೆ ಸಾಲೇ ಚಿಕ್ಕತಾಯಮ್ಮನ ಮುಖ ನೋಡುತ್ತಿತ್ತು.

ಅವಳ ಕಾಲು ಪೆಡಲ್ ಒತ್ತಲಿಲ್ಲ.

"ಆ ಮಗೀಗೆ ಬೆಳ್ಳು ಕಟ್ಟುದ್ರಾ ಸಾ?" ಎಂದಳು.

"ಏನು?"

"ಬೆಳ್ಳು ಕಟ್ಟೋಗಂಟ ನಾವೂ ಮಿಷನ್ ಮುಟ್ಟಕಿಲ್ಲ." ಅವಳು ಅಂಗಿಯನ್ನು ಸೂಜಿಯ ಕೆಳಗಿನಿಂದ ಹೊರಗೆಳೆದಳು. "ಕಟ್ಟಿದ್ಮೇಲೆ ನಮ್ಮ ಪಾಲಿನ್ದು ಹೊಲೀತೀವಿ. ಅವ್ರ ಪಾಲಿನ್ದು ಅವ್ರೇ ಹೊಲ್ಕೊಳ್ಳಿ. ಕೆಲಸ ಹೋದ್ರೆ ಹೋಗ್ಲಿ ಅತ್ಲಾಗೆ." ಹೀಗೆಂದವಳೇ ಗಳಗಳನೆ ಅತ್ತುಬಿಟ್ಟಳು. ಹೋಗಲಿ ಎಂದವಳಿಗೆ ಅದು ಹೋಗುವುದು ಸುತರಾಂ ಬೇಕಿರಲಿಲ್ಲ.

ಪೊನ್ನಪ್ಪ ಬೆದರಿಸಿದರು, ಬೇಡಿದರು. ಕೊನೆಗೆ ಮುಖ್ಯ ಕಚೇರಿಗೆ ಫೋನ್ ಮಾಡಿದರು. ಮುಖ್ಯ ಕಚೇರಿ ನಕಾಲಾಕ್ಕೆ ಮಾಡಿತು. ಹತ್ತಾರು ದೇಶಗಳಲ್ಲಿ ವ್ಯಾಪಾರ ನಡೆಸುವ ಕಂಪನಿಯ ಅತಿ ದೊಡ್ಡ ಅಧಿಕಾರಿ ಅಂದು ಕೊಟ್ಟ ಅತಿ ತುರ್ತಿನ ಆಜ್ಞೆ, ಒಂದು ಹುಡುಗಿಯ ಬೆರಳಿಗೆ ಬಟ್ಟೆ ಕಟ್ಟಿರಿ ಎಂಬುದು. ಕಟ್ಟಿದರು. ಹುಡುಗಿ ಆ ಬೆರಳನ್ನು ಪರದೆಯತ್ತ ಎತ್ತಿ ತೋರಿಸಿದಳು. ಮಳವಳ್ಳಿಯಲ್ಲಿ ಯಂತ್ರಗಳು ಶುರುವಾದವು, ಹಿಂದೆಯೇ ನಕಾಲಾದಲ್ಲಿಯೂ ಶುರುವಾದವು. ಹಡಗು ಅರ್ಧ ಖಾಲಿಯಾಗಿಯೇ ಹೊರಟಿತು.

ಕಂಪನಿ ಸದ್ಯಕ್ಕೆ ಎರಡು ಕಾರ್ಖಾನೆಗಳನ್ನೂ ಉಳಿಸಿಕೊಂಡಿತು, ಧರ್ಮಕ್ಕಲ್ಲ. ಮುಯ್ಯಿ, ಕೈ ಎತ್ತುವ ರೂಢಿ ಯಾವುದೂ ಬೆರೆಯದ 'ಶುದ್ಧ'ವಾದ ಕೈಪಾಠ ಸಿಗುವವರೆಗೆ ಮಾತ್ರ. ಸಿಕ್ಕಿದ ದಿನ ಎರಡಕ್ಕೂ ಬೀಗ ಹಾಕಿ, ಇನ್ನೂ ಅಗ್ಗದ ಊರಿಗೆ ಹೊರಡುವುದು. ಇದ್ದ ಕೈಪಾಠದಿಂದ ಮುಯ್ಯಿಯನ್ನು ಕತ್ತರಿಸಿ ತೆಗೆದರೆ ಕೈಯ ಲಯವೇ ತಪ್ಪಿ ಕಾಲರ್ ಸೊಟ್ಟಗಾಗುತ್ತಿತ್ತು. ಹೀಗಾಗಿ ಕೆದಿಲಾಯರು ದೇಶದಿಂದ ದೇಶಕ್ಕೆ ಅಲೆದರು. ಕೊನೆಗೆ ದೂರದ ಒಂದು ಕಾರ್ಖಾನೆ ಸಿಕ್ಕಿತು. ಅಲ್ಲಿ ಪ್ರತಿ ಇಬ್ಬರು ಹೆಂಗಸರ ನಡುವೆಯೂ ಎತ್ತರದ ಹಲಗೆ ಹೊಡೆದಿದ್ದರು. ಕೈ ಚಾಚಲು ಜಾಗವಿಲ್ಲ, ಮುಖ ನೋಡಲೂ ಇಲ್ಲ. ಕಂಪನಿಗೆ ಹಬ್ಬವಾಯಿತು.

ಕೆಲವು ವಾರಗಳ ಮೇಲೆ ಕೆದಿಲಾಯರು ಮಳವಳ್ಳಿಗೆ ಬಂದರು. ಅವರ ಮುಖ ನೋಡಿ ಚಿಕ್ಕತಾಯಮ್ಮ ಯಂತ್ರ ನಿಲ್ಲಿಸಿದಳು.

"ಸಿಕ್ತಾ ಸಾ, ಸುದ್ದವಾದ ಕೈ?"

"ಸಿಕ್ಕಿತು ಅಂದುಕೊಂಡೆವು. ಆ ಪಾಠವನ್ನು ಹೊಸಬರಿಗೆ ಹಾಕಿ ನೋಡಿದೆವು. ಚೆನ್ನಾಗಿಯೇ ಹೊಲಿದರು. ಆದರೆ ಒಂದೊಂದು ಕಾಲರ್ ಮುಗಿದಾಗಲೂ ಎಲ್ಲರ ಕೈಯೂ ಪಕ್ಕದ ಗಾಳಿಯನ್ನು ಎರಡು ಸಲ ತಟ್ಟುತ್ತದೆ. ತಟ್ಟಿ, ಸುಮ್ಮನೆ ಕಾಯುತ್ತದೆ. ಹಲಗೆ ತಟ್ಟಿ ಆಚೆಯವಳನ್ನು, ಇದ್ದೀಯೇನೇ, ಅಂತ ಕೇಳುವ ಅಭ್ಯಾಸವಂತೆ ಅಲ್ಲಿ. ಆಚೆಯಿಂದ ಯಾರಾದರೂ ತಿರುಗಿ ತಟ್ಟುವವರೆಗೆ ಕೈ ಮುಂದಿನ ಅಂಗಿ ಮುಟ್ಟುವುದಿಲ್ಲ."

ಚಿಕ್ಕತಾಯಮ್ಮ ಅವರನ್ನೇ ದಿಟ್ಟಿಸಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು, ನಗುವೂ ಬಂದುಬಿಟ್ಟಿತು.

"ಹಂಗಾದ್ರೆ ನನ್ ಕೆಲಸ ಇನ್ನೂ ಒಸಿ ದಿನ ಅದೆ ಬುಡಿ," ಎಂದು ಮೂಗೊರೆಸಿಕೊಂಡು ಮುಂದಿನ ಅಂಗಿಯನ್ನೆತ್ತಿಕೊಂಡಳು.