ಬರೆಯದೆ ಬಿಟ್ಟ ಹೊತ್ತು

೧೯೯೭ರಲ್ಲಿ ಹೊಳೆನರಸೀಪುರದ ಸಂಪತ್ಕುಮಾರರ ಮನೆಯಲ್ಲಿ ನಾನು ಕಸ ಮುಸುರೆಗೆ ಇದ್ದೆ. ಅವರು ಎಪ್ಪತ್ತೊಂದರ ಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ ಪೈಲಟ್‌ಗೆ ದಾರಿ ಹೇಳುತ್ತಿದ್ದವರು, ಪದಕ ಬಂದಿತ್ತು. ಮೇಲೆ ಹಾರುವಾಗ ವಿಮಾನದೊಳಗೆ ಸೀಮೆಎಣ್ಣೆಯಂಥ ಇಂಧನದ ವಾಸನೆ, ಕೂತ ಕುರ್ಚಿಗೂ ಮಂಜು ಕಟ್ಟುವ ಚಳಿ ಎನ್ನುತ್ತಿದ್ದರು. ಪ್ರತಿ ಹಾರಾಟದಲ್ಲಿ ಏರಿದ, ಇಳಿದ ಹೊತ್ತು ಬರೆದಿಟ್ಟ ಅವರ ಪುಸ್ತಕದಲ್ಲಿ ಕೊನೆಯ ದಾಳಿಗೆ ಮಾತ್ರ ಇಳಿದ ಹೊತ್ತು ಬರೆದಿರಲಿಲ್ಲ.

“ಯಾಕ್ ಸಾ?” ಅಂದೆ.

“ಇಳಿದ ತಕ್ಷಣ ಪೈಲಟ್ ಹೊತ್ತು ಹೇಳ್ಬೇಕು, ನಾನು ಬರ್ಕೋಬೇಕು. ಅವತ್ತು ವಿಮಾನ ಇಳಿಸಿ ಅಲ್ಲೇ ಪ್ರಾಣ ಬಿಟ್ಟ. ಅವನು ಹೇಳದೆ ನಾನ್ ಹೇಗೆ ಬರೀಲಿ? ಕಾಯ್ತಾ ಇದೀನಿ ಕಣಮ್ಮ.”

ಏಪ್ರಿಲ್‌ನ ಒಂದು ಮಧ್ಯಾಹ್ನ ನೆಲ ಒರೆಸುತ್ತಿದ್ದಾಗ ಸೀಮೆಎಣ್ಣೆಯ ವಾಸನೆ ಬಂತು. ಕಾಲಡಿಯ ನೆಲ ತಣ್ಣಗೆ ಕೊರೆಯತೊಡಗಿತು. ಅವರು ಎದುರಿನ ಖಾಲಿ ಕುರ್ಚಿಗೆ, “ಹೇಳಪ್ಪಾ,” ಎಂದರು, ತಲೆಯಾಡಿಸಿ ಆ ಪುಸ್ತಕದಲ್ಲಿ ಬರೆದುಕೊಂಡರು.

“ಏನೂಂದ್ರೆ, ಯಾರ್ ಹತ್ರ ಮಾತು?” ಹೆಂಡತಿ ಗೋದಮ್ಮ ಒಳಗಿಂದ ಕೂಗಿದರು.

“ಇಳಿದ್ವಿ ಕಣೇ!”

ಆಮೇಲೆ ನಾನು ಆ ಕುರ್ಚಿ ಒರೆಸಿದೆ. ಬಟ್ಟೆಗೆ ಮಂಜುಗಡ್ಡೆಯ ಪುಡಿ ಅಂಟಿಕೊಂಡಿತು.